ನಡುಬೆಲೆಯ ಬಡಾವಣೆ

(ಬಾನುಲಿ ಭಾಷಣ)

ಮನೆ ಹುಡುಕಿಕೊಡುವ ದಲ್ಲಾಳಿಗಳು ಬೆಂಗಳೂರನ್ನು ಮೂರು ಭಾಗ ಮಾಡಿಟ್ಟುಕೊಂಡಿದ್ದಾರೆ. ಒಂದು 'ಪಾಶ್ ಏರಿಯಾ', ಇನ್ನೊಂದು 'ಮೀಡಿಯಂ ಏರಿಯಾ'. ಮೂರನೆಯದಕ್ಕೆ ಅವರು ಹೆಸರು ಹೇಳುವುದಿಲ್ಲ. 'ಸ್ವಲ್ಪ ಒಳಗಡೆ ಆಗುತ್ತೆ ಸಾರ್' ಎಂದು ದನಿ ತಗ್ಗಿಸುತ್ತಾರೆ. ನಾನಿರುವ ವಿಜಯನಗರ ಈ ವಿಂಗಡಣೆಯಲ್ಲಿ ಎರಡನೆಯದಕ್ಕೆ ಸೇರಿದ್ದು. ಒಂದು ಸಾಮ್ರಾಜ್ಯದ ಹೆಸರನ್ನೂ, ಮಗ್ಗುಲಿನಲ್ಲೇ ಹಂಪಿನಗರವೆಂಬ ಇನ್ನೊಂದು ಹೆಸರನ್ನೂ ಹೊತ್ತುಕೊಂಡು, ಮೂವತ್ತು ನಲವತ್ತು ಅಡಿಯ ನಿವೇಶನಗಳಲ್ಲಿ ಗುಮಾಸ್ತರು, ಮೇಷ್ಟರುಗಳು, ಕಾರ್ಖಾನೆಯ ನೌಕರರು, ಸಣ್ಣ ವ್ಯಾಪಾರಿಗಳು ಕಟ್ಟಿಕೊಂಡ ಬಡಾವಣೆ ಇದು. ನಡುಬೆಲೆಯ ಬಡಾವಣೆ ಎಂದು ನಾನು ಇದನ್ನು ಕರೆದುಕೊಂಡಿದ್ದೇನೆ.

ಇಂಥ ಬಡಾವಣೆಯಲ್ಲಿ ಬದುಕಲು ಎಷ್ಟು ಬೇಕು, ಆ ಬೆಲೆಯನ್ನು ನಿಜವಾಗಿ ತೆರುತ್ತಿರುವವರು ಯಾರು ಎಂಬುದು ಈ ಹೊತ್ತಿನ ಮಾತಿಗೆ ವಸ್ತು. ತರಗತಿಯಲ್ಲಿ ಪಂಪ ರನ್ನರನ್ನು ಪಾಠ ಹೇಳಿಕೊಂಡಿದ್ದವನು ಅಕ್ಕಿ ಬೇಳೆಯ ಲೆಕ್ಕಕ್ಕೆ ಏಕೆ ಕುಳಿತ ಎಂದು ಶ್ರೋತೃಗಳು ಕೇಳಬಹುದು. ನಿವೃತ್ತನಾದ ಮೇಷ್ಟರಿಗೆ ಚೀಲ ಹಿಡಿದು ಮಾರುಕಟ್ಟೆಗೆ ಹೋಗಿಬರುವುದೇ ದಿನದ ಮುಖ್ಯ ವ್ಯಾಸಂಗ ಎಂದಷ್ಟೇ ಉತ್ತರಿಸಬಲ್ಲೆ.

ತುಟ್ಟಿಭತ್ಯೆ ಎಂಬ ಮಾತಿನಿಂದ ಆರಂಭಿಸುತ್ತೇನೆ. 'ತುಟ್ಟಿ' ಎಂಬುದು ದಿನಸಿ ಅಂಗಡಿಯ ಕಟ್ಟೆಯ ಮೇಲೆ ಹುಟ್ಟಿದ ಪದದಂತಿದೆ. ಅದು ಸರ್ಕಾರಿ ಆದೇಶದೊಳಗೆ ನುಗ್ಗಿ ಪೀಠ ಹಾಕಿ ಕುಳಿತದ್ದು ನಮ್ಮ ಆಡಳಿತ ಭಾಷೆಯಲ್ಲಿ ಅಪರೂಪದ ಸಂಗತಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯದ ಬೆಲೆ ಏರಿದಾಗ ನೌಕರರಿಗೆ ಕೊಟ್ಟ ಪರಿಹಾರದಿಂದ ಬೆಳೆದುಬಂದ ಏರ್ಪಾಡು ಇದು. ಇಂದು ಅದರ ಹಿಂದೆ ಕಾರ್ಮಿಕ ಬ್ಯೂರೋದವರು ತಿಂಗಳು ತಿಂಗಳೂ ಸಿದ್ಧಪಡಿಸುವ ಗ್ರಾಹಕ ಬೆಲೆ ಸೂಚ್ಯಂಕವಿದೆ. ಆ ಸೂಚ್ಯಂಕಕ್ಕೆ ಒಂದು ತಕ್ಕಡಿ ಉಂಟು. ೨೦೦೧ನ್ನು ಆಧಾರವರ್ಷವಾಗಿ ಇಟ್ಟುಕೊಂಡಿದ್ದ ಪಟ್ಟಿಯಲ್ಲಿ ನೂರು ರೂಪಾಯಿಯ ಸಂಸಾರದಲ್ಲಿ ಆಹಾರಕ್ಕೆ ೪೬ ರೂಪಾಯಿ ೨೦ ಪೈಸೆಯ ತೂಕವಿತ್ತು. ೨೦೧೬ನ್ನು ಆಧಾರವಾಗಿಸಿ ೨೦೨೦ರಲ್ಲಿ ಹೊರಬಂದ ಪಟ್ಟಿಯಲ್ಲಿ ಅದು ೩೯ ರೂಪಾಯಿ ೧೭ ಪೈಸೆಗೆ ಇಳಿಯಿತು. ವಸತಿಯ ತೂಕ ೧೫.೨೭ರಿಂದ ೧೬.೮೭ಕ್ಕೆ ಏರಿತು. ಶಾಲೆ, ಆಸ್ಪತ್ರೆ, ಓಡಾಟ ಮುಂತಾದುವನ್ನೆಲ್ಲ ತುಂಬಿದ 'ಇತರೆ' ಎಂಬ ಗಂಟು ೨೩.೨೬ರಿಂದ ೩೦.೩೧ಕ್ಕೆ ಬೆಳೆಯಿತು. ಇಂದಿನ ಬದುಕಿನ ತುಟ್ಟಿಯ ಬಹುಭಾಗ ಈ 'ಇತರೆ'ಯೊಳಗೆ ಅಡಗಿದೆ ಎಂದರೆ ತಪ್ಪಾಗಲಾರದು.

ಈ ತಕ್ಕಡಿ ಸರಾಸರಿಯದು. ಸ್ವಂತ ಮನೆಯಲ್ಲಿರುವವನನ್ನೂ ಬಾಡಿಗೆಯವನನ್ನೂ ಒಂದೇ ತಟ್ಟೆಯಲ್ಲಿಟ್ಟು ತೂಗುತ್ತದೆ. ನಮ್ಮ ಬೀದಿಯಲ್ಲಿ ಬಾಡಿಗೆಗಿರುವ ಯಾರನ್ನಾದರೂ ಕೇಳಿ. ಆದಾಯದಲ್ಲಿ ಆರನೆಯ ಒಂದು ಪಾಲು ಬಾಡಿಗೆಗೆ ಸಾಕಾಗುತ್ತದೆ ಎಂದರೆ ನಕ್ಕಾರು. ಮೂರನೆಯ ಒಂದು ಪಾಲನ್ನು ಮೊದಲು ತೆಗೆದಿಟ್ಟು ಉಳಿದುದರಲ್ಲಿ ಅಕ್ಕಿಯ ಯೋಚನೆ ಮಾಡುವ ಮನೆಗಳನ್ನು ನಾನು ಬಲ್ಲೆ. ಇನ್ನೊಂದು ಮಾತು. ಸೂಚ್ಯಂಕ ಏರಿದಾಗ ನನ್ನ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತದೆ. ಬೀದಿಯ ಕೊನೆಯಲ್ಲಿ ಹೊಲಿಗೆಯಂತ್ರ ತುಳಿಯುತ್ತಿದ್ದವರಿಗೆ ಸೇರುವುದಿಲ್ಲ. ಒಂದೇ ಬೀದಿ, ಒಂದೇ ಅಂಗಡಿ, ಒಂದೇ ಬೆಲೆ. ಆದರೆ ತುಟ್ಟಿಗೆ ಭತ್ಯೆಯುಳ್ಳವರು ಕೆಲವರು, ಬರಿಯ ತುಟ್ಟಿಯನ್ನೇ ಉಣ್ಣುವವರು ಹಲವರು.

ಅಡಿಗೆಮನೆಯ ವಿಚಾರವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದನ್ನು ಕೇಳುಗರೆಲ್ಲ ನನಗಿಂತ ಚೆನ್ನಾಗಿ ಬಲ್ಲರು. ನಂದಿನಿ ಹಾಲು ೨೦೨೫ರ ಏಪ್ರಿಲ್‌ನಲ್ಲಿ ಲೀಟರಿಗೆ ನಾಲ್ಕು ರೂಪಾಯಿ ಏರಿತು. ೨೦೨೩ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿಯನ್ನು ದಾಟಿದಾಗ ನಮ್ಮ ಮನೆಯ ಸಾರು ಹುಣಸೆಯ ಹಳೆಯ ಆಶ್ರಯಕ್ಕೆ ಮರಳಿತು. ಆದರೆ ಟೊಮೆಟೊಗೆ ಒಂದು ಸದ್ಗುಣವಿದೆ: ಏರಿದ್ದು ಇಳಿಯುತ್ತದೆ. ಬಾಡಿಗೆಗೆ ಆ ಗುಣವಿಲ್ಲ. ನಮ್ಮ ಬಡಾವಣೆಯಲ್ಲಿ ಅದು ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ೨೦೨೦–೨೧ರಲ್ಲಿ, ಸಾಂಕ್ರಾಮಿಕದ ದಿನಗಳಲ್ಲಿ ಮಾತ್ರ. ಆಗ ಗೇಟುಗೇಟಿಗೂ 'ಮನೆ ಬಾಡಿಗೆಗಿದೆ' ಎಂಬ ಹಲಗೆ ತೂಗಿತು. ೨೦೨೨ರಿಂದೀಚೆಗೆ ಊರಿಗೆ ಹೋಗಿದ್ದ ಉದ್ಯೋಗಿಗಳು ಹಿಂದಿರುಗಿದರು. ಬಾಡಿಗೆಯೂ ಬಡ್ಡಿಸಮೇತ ಹಿಂದಿರುಗಿತು.

ಇದಕ್ಕೆ ಜೊತೆಯಾಗಿ ಬಂದದ್ದು ಮೆಟ್ರೊ. ೨೦೧೫ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಹಾದಿ ತೆರೆದಾಗ ವಿಜಯನಗರಕ್ಕೆ ರೈಲು ಬಂತು. ೨೦೨೩ರ ಅಕ್ಟೋಬರಿನಲ್ಲಿ ಆ ಮಾರ್ಗ ವೈಟ್‌ಫೀಲ್ಡಿನವರೆಗೆ ಅಖಂಡವಾಯಿತು. ಊರಿನ ಪೂರ್ವದ ತುದಿಯಲ್ಲಿ ದುಡಿಯುವವರು ಪಶ್ಚಿಮದ ನಮ್ಮಲ್ಲಿ ಮನೆ ಮಾಡಬಹುದೆಂಬುದು ಆಗ ದಲ್ಲಾಳಿಗಳಿಗೆ ಹೊಳೆಯಿತು. ರೈಲಿನ ಟಿಕೀಟಾದರೂ ೨೦೨೫ರ ಫೆಬ್ರವರಿಯಲ್ಲಿ ಗರಿಷ್ಠ ೬೦ ರೂಪಾಯಿಯಿಂದ ೯೦ಕ್ಕೆ ಹೋಯಿತು. ಆದರೆ ರೈಲಿನ ದರ ಹತ್ತುವವರಿಗೆ ಮಾತ್ರ. ನಿಲ್ದಾಣ ಹತ್ತಿರವಿದೆ ಎಂಬ ಕಾರಣಕ್ಕೆ ಏರಿದ ಬಾಡಿಗೆಯನ್ನು ಒಮ್ಮೆಯೂ ರೈಲು ಹತ್ತದವರೂ ತೆರಬೇಕು.

ಬಾಡಿಗೆಯ ನಡಾವಳಿಯನ್ನು ಸ್ವಲ್ಪ ವಿವರವಾಗಿ ನೋಡೋಣ. ಕರಾರು ಹನ್ನೊಂದು ತಿಂಗಳದ್ದು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು ೧೯೦೮ರ ನೋಂದಣಿ ಕಾಯಿದೆ ಹೇಳುವುದರಿಂದ, ಒಂದು ತಿಂಗಳು ಕಡಮೆ ಮಾಡಿ ಆ ಖರ್ಚಿನಿಂದಲೂ ತೊಡಕಿನಿಂದಲೂ ಪಾರಾಗುವ ಜಾಣತನ ನಮ್ಮದು. ಪ್ರತಿ ಕರಾರಿಗೂ ಶೇಕಡ ಐದರಿಂದ ಹತ್ತರಷ್ಟು ಏರಿಕೆ. ಹತ್ತರಂತೆ ಏರಿಸುತ್ತ ಹೋದರೆ, ಎಂಟು ಸಲ ನವೀಕರಿಸುವಷ್ಟರಲ್ಲಿ, ಎಂದರೆ ಏಳು ವರ್ಷ ನಾಲ್ಕು ತಿಂಗಳಲ್ಲಿ, ಬಾಡಿಗೆ ಇಮ್ಮಡಿಯನ್ನು ದಾಟುತ್ತದೆ. ಅಷ್ಟರಲ್ಲಿ ಸಂಬಳ ಇಮ್ಮಡಿಯಾಗುವ ಎಷ್ಟು ಉದ್ಯೋಗಗಳು ನಮ್ಮ ನಡುವೆ ಇವೆ?

ಇನ್ನು ಮುಂಗಡ. ಅಡ್ವಾನ್ಸು ಎಂದೇ ಎಲ್ಲರೂ ಕರೆಯುವ ಈ ಹಣ ಬೆಂಗಳೂರಿನಲ್ಲಿ ಬಹುಕಾಲದಿಂದ ಹತ್ತು ತಿಂಗಳ ಬಾಡಿಗೆಯಷ್ಟು. ಬಾಡಿಗೆ ಹದಿನೆಂಟು ಸಾವಿರವೆಂದಿಟ್ಟುಕೊಂಡರೆ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ ಮನೆಯ ಯಜಮಾನನಲ್ಲಿ ಬಡ್ಡಿಯಿಲ್ಲದೆ ಮಲಗಿರುತ್ತದೆ. ಕೇಂದ್ರ ಸರ್ಕಾರ ೨೦೨೧ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆಂದಿದೆ. ಮಾದರಿ ಎಂದರೆ ನೋಡಿ ಮೆಚ್ಚುವ ವಸ್ತು, ಅಲ್ಲವೆ? ಮನೆ ಬಿಡುವಾಗ ಬಣ್ಣ ಬಳಿಸುವ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದು ರೂಢಿ; ಬಳಿಸುವುದೂ ಬಿಡುವುದೂ ಯಜಮಾನನ ಚಿತ್ತ.

ಭೋಗ್ಯ ಎಂಬ ಮತ್ತೊಂದು ಪದ್ಧತಿಯೂ ಇದೆ. ಒಂದು ದೊಡ್ಡ ಇಡುಗಂಟು ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಗಂಟನ್ನು ಪೂರ್ಣವಾಗಿ ಹಿಂದಕ್ಕೆ ಪಡೆಯುವುದು. ಅನುಭವಿಸಲು ಯೋಗ್ಯವಾದುದು ಭೋಗ್ಯ, ಪದವೇನೋ ಸೊಗಸಾದದ್ದು. ಊರಿನಲ್ಲಿದ್ದ ಅಷ್ಟಿಷ್ಟು ಜಮೀನು ಮಾರಿ ಬಂದವರು ಇಲ್ಲಿ ಭೋಗ್ಯಕ್ಕೆ ಸೇರುತ್ತಾರೆ. ಗಂಟು ಕರಗಲಿಲ್ಲವೆಂಬ ಸಮಾಧಾನ ಅವರದು. ಆದರೆ ಮೂರು ವರ್ಷದ ಅನಂತರ ಅದೇ ಗಂಟಿಗೆ ಅದೇ ಅಳತೆಯ ಮನೆ ಸಿಗುವುದಿಲ್ಲ. ಒಂದು ಕೋಣೆ ಕಡಮೆಯಾಗುತ್ತದೆ, ಇಲ್ಲವೆ ಎರಡು ಬಸ್ ನಿಲ್ದಾಣ ದೂರವಾಗುತ್ತದೆ.

ಈ ಲೆಕ್ಕದ ಯಾವ ಅಂಕಣದಲ್ಲೂ ಕಾಣದ ಇನ್ನೊಂದು ಬೆಲೆಯನ್ನು ಹೇಳದೆ ಮುಂದೆ ಹೋಗಲಾರೆ. 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಸಾಲು ನಮ್ಮಲ್ಲಿ ಎಷ್ಟು ಗೇಟುಗಳ ಮೇಲಿದೆ! ಹಲಗೆಯ ಮೇಲೆ ಬರೆಯದೆ ಬಾಯಲ್ಲಿ ಕೇಳುವ ಪ್ರಶ್ನೆಗಳು ಬೇರೆ. ಹತ್ತು ಮನೆ ಖಾಲಿಯಿರುವಲ್ಲಿ ಮೂರರ ಬಾಗಿಲು ಮಾತ್ರ ಯಾರಿಗೆ ತೆರೆಯುತ್ತದೋ ಅವರು ಆ ಮೂರರ ಬಾಡಿಗೆಯನ್ನು ಚೌಕಾಸಿ ಮಾಡಲಾರರು. ಅವರಿಗೆ ಈ ಬಡಾವಣೆ ನಡುಬೆಲೆಯದಲ್ಲ.

ನಮ್ಮ ಮನೆಗೆಲಸಕ್ಕೆ ಬರುವಾಕೆ ಇಲ್ಲಿಗೆ ಹತ್ತಿರದ ಪಟ್ಟೇಗಾರಪಾಳ್ಯದಲ್ಲಿದ್ದರು. ಒಂದು ಕೋಣೆ, ಒಂದು ಅಡಿಗೆಮನೆ. ಒಂಬತ್ತೂವರೆ ಸಾವಿರ ಬಾಡಿಗೆ. ಅದನ್ನು ಹನ್ನೊಂದು ಸಾವಿರ ಮಾಡುವೆವೆಂದಾಗ ಮನೆ ಬಿಟ್ಟು ಮಾಗಡಿ ರಸ್ತೆಯಲ್ಲಿ ಬ್ಯಾಡರಹಳ್ಳಿಯಿಂದಾಚೆ ಆರು ಸಾವಿರದ ಮನೆಗೆ ಹೋದರು. ಮೂರೂವರೆ ಸಾವಿರ ಉಳಿಯಿತಲ್ಲ ಎಂದು ನಾನೂ ಮೆಚ್ಚಿದೆ. ಒಂದು ಬೆಳಗ್ಗೆ ಆಕೆ ಪಾತ್ರೆ ಒರೆಸುತ್ತ ಲೆಕ್ಕ ಒಪ್ಪಿಸಿದರು. ಮೊದಲು ನಾಲ್ಕು ಮನೆಗಳಲ್ಲಿ ಕೆಲಸವಿತ್ತು. ಬಸ್ಸಿನಲ್ಲಿ ಬಂದು ಹೋಗುವುದರಲ್ಲೇ ಹೊತ್ತು ಕಳೆಯುವುದರಿಂದ ಒಂದು ಮನೆ ಬಿಟ್ಟುಹೋಯಿತು. ಅಲ್ಲಿಗೆ ಎರಡೂವರೆ ಸಾವಿರ ಕಳೆಯಿತು. ಗಂಡ ಬಣ್ಣ ಬಳಿಯುವ ಕೆಲಸದವನು. ಅವನ ಗಾಡಿಗೆ ಪೆಟ್ರೋಲು ತಿಂಗಳಿಗೆ ಸಾವಿರದ ಇನ್ನೂರು ಹೆಚ್ಚಾಯಿತು. ಹೀಗೆ ಮೂರೂವರೆ ಸಾವಿರ ಉಳಿಸಲು ಹೋಗಿ ಮೂರು ಸಾವಿರದ ಏಳು ನೂರು ಹೋಯಿತು. ಮಹಿಳೆಯರಿಗೆ ಬಸ್ಸಿನ ಪ್ರಯಾಣ ೨೦೨೩ರ ಜೂನ್‌ನಿಂದ ಉಚಿತವಾಗದೆ ಇದ್ದಿದ್ದರೆ ನಷ್ಟ ಇನ್ನೂ ದೊಡ್ಡದಾಗುತ್ತಿತ್ತು. ಬಸ್ಸು ಪುಕ್ಕಟೆಯಾದರೂ ಹೊತ್ತು ಪುಕ್ಕಟೆಯಲ್ಲ.

'ಹಾಗಾದರೆ ಏಕಮ್ಮ ಹೋದಿರಿ?' ಎಂದು ಕೇಳಿದೆ.

'ಹಳೇ ಮನೆ ಅಡ್ವಾನ್ಸು ವಾಪಸ್ ಬಂತಲ್ಲ ಸಾರ್. ಹೊಸ ಮನೇಗೆ ಮೂವತ್ತು ಕೊಟ್ಟು, ಮಿಕ್ಕಿದ್ದರಲ್ಲಿ ಹುಡುಗನ್ನ ಕಾಲೇಜಿಗೆ ಸೇರಿಸಿದೆ.'

ಅರ್ಥಶಾಸ್ತ್ರದ ಯಾವ ಪುಸ್ತಕವೂ ಇಷ್ಟು ಸ್ಪಷ್ಟವಾಗಿ ಈ ವಿಷಯವನ್ನು ನನಗೆ ತಿಳಿಸಿಕೊಟ್ಟಿರಲಿಲ್ಲ. ಮನೆ ಬಿಡುವುದೊಂದೇ ಆಕೆಗೆ ಮುಂಗಡವನ್ನು ಕೈಗೆ ತಂದುಕೊಡುವ ದಾರಿ. ಮಗನ ಕಾಲೇಜಿನ ಶುಲ್ಕವನ್ನು ಆಕೆ ತೆತ್ತದ್ದು ದೂರದಿಂದ.

ನೀರಿನ ಮಾತು ಹೇಳದಿದ್ದರೆ ಈ ದೂರದ ಬೆಲೆ ಪೂರ್ತಿಯಾಗುವುದಿಲ್ಲ. ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರಿನಾಚೆಯಿಂದ ಮೂರು ಹಂತಗಳಲ್ಲಿ ಮೇಲೇರಿ ೧೯೭೪ರಿಂದ ಬೆಂಗಳೂರಿಗೆ ಬರುತ್ತಿದೆ. ಕೊಳಾಯಿಯುಳ್ಳ ನಮ್ಮಂಥವರಿಗೆ ೨೦೧೪ರಿಂದ ೨೦೨೫ರ ಏಪ್ರಿಲ್‌ವರೆಗೆ ಮೊದಲ ಎಂಟು ಸಾವಿರ ಲೀಟರಿಗೆ ದರ ಸಾವಿರ ಲೀಟರಿಗೆ ಏಳು ರೂಪಾಯಿ. ೨೦೨೪ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಿಲ್ಲಾಡಳಿತ ಟ್ಯಾಂಕರಿನ ದರವನ್ನು ಗೊತ್ತುಮಾಡಬೇಕಾಯಿತು: ಐದು ಕಿಲೋಮೀಟರಿನೊಳಗೆ ಆರು ಸಾವಿರ ಲೀಟರಿಗೆ ಆರು ನೂರು ರೂಪಾಯಿ. ಎಂದರೆ ಸಾವಿರ ಲೀಟರಿಗೆ ನೂರು. ಕೊಳಾಯಿಯಿಲ್ಲದ ಅಂಚಿನ ಊರುಗಳಿಗೆ ಸರಿದುಹೋದವರು ನನ್ನ ಹದಿನಾಲ್ಕರಷ್ಟು ಬೆಲೆಯ ನೀರು ಕುಡಿದರು, ಅದೂ ನ್ಯಾಯವಾದ ದರದಲ್ಲಿ! ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಅಂಚಿನ ೧೧೦ ಹಳ್ಳಿಗಳಿಗೆಂದು ಉದ್ಘಾಟನೆಯಾಯಿತು. ನೀರು ಬಂದಲ್ಲಿ ಬಾಡಿಗೆಯೂ ಹಿಂದೆಯೇ ಬರುತ್ತದೆಂಬುದು ಅಲ್ಲಿನವರಿಗೂ ಗೊತ್ತು.

ಹೀಗೆ ಹೋದವರಲ್ಲಿ ಆಕೆ ಒಬ್ಬರು. ಆಗಲೇ ಹೇಳಿದ ದರ್ಜಿ ಮಳಿಗೆಯ ಬಾಡಿಗೆ ತಾಳಲಾರದೆ ಯಂತ್ರವನ್ನು ಮನೆಗೆ ಹೊತ್ತುಕೊಂಡು ಹೋದರು. ಇಸ್ತ್ರಿಯ ಗಾಡಿ ನಿಲ್ಲುತ್ತಿದ್ದ ಹೊಂಗೆಯ ಕೆಳಗೆ ಈಗ ಕಾರು ನಿಲ್ಲುತ್ತದೆ. ತಿಂಗಳ ಲೆಕ್ಕದ ಪುಸ್ತಕ ಇಟ್ಟಿದ್ದ ಶೆಟ್ಟರ ಅಂಗಡಿ ಮುಚ್ಚಿತು. ಅವಸರಕ್ಕೆ ಹತ್ತು ನಿಮಿಷದಲ್ಲಿ ಸಾಮಾನು ತಂದುಕೊಡುವ ಹುಡುಗರಿದ್ದಾರೆ, ಆದರೆ ಸಂಬಳ ತಡವಾದ ತಿಂಗಳು 'ಇರಲಿ ಬಿಡಿ' ಎನ್ನುವ ಅಧಿಕಾರ ಆ ಹುಡುಗರಿಗಿಲ್ಲ. ನಮ್ಮ ಬಡಾವಣೆ ಇಷ್ಟು ವರ್ಷ ನಡುಬೆಲೆಯಲ್ಲಿ ಉಳಿದಿದ್ದದ್ದು ನಮ್ಮ ಮಿತವ್ಯಯದಿಂದಲ್ಲವೆಂದು ನನಗೆ ಈಗೀಗ ತೋರುತ್ತಿದೆ. ನಮಗಿಂತ ಕಡಮೆ ಗಳಿಸುವವರು ಕೂಗಳತೆಯಲ್ಲಿ ವಾಸವಾಗಿದ್ದುದರಿಂದ ನಮ್ಮ ಬದುಕು ಅಗ್ಗವಾಗಿತ್ತು. ಅವರು ಹತ್ತಿರವಿದ್ದುದೇ ನಮಗೆ ಸಲ್ಲುತ್ತಿದ್ದ ಒಂದು ಭತ್ಯೆ.

ನಿರಂಜನರ 'ರಂಗಮ್ಮನ ವಠಾರ'ವನ್ನು ಓದಿದವರಿಗೆ ವಠಾರದ ಬದುಕು ನೆನಪಿದ್ದೀತು. ಬಾಡಿಗೆಯವರ ಒಂದು ಗುಂಪನ್ನೇ ನಾಯಕನನ್ನಾಗಿಸಿದ ಕಾದಂಬರಿ ಅದು. ವಠಾರದಲ್ಲಿ ಸುಖವಿತ್ತೆಂದು ನಾನು ಹೇಳಲಾರೆ. ಒಂದು ನಲ್ಲಿಗೆ ಹತ್ತು ಬಿಂದಿಗೆ, ಒಂದು ಗೋಡೆಗೆ ಎರಡು ಸಂಸಾರದ ಕಿವಿ. ಆದರೆ ಕಡಮೆ ಸಂಬಳದ ಸಂಸಾರ ಊರಿನ ನಡುವೆಯೇ ನಿಲ್ಲಲು ಅದೊಂದು ನೆಲೆಯಾಗಿತ್ತು. ಈಗ ವಠಾರವಿದ್ದಲ್ಲಿ ಪಿ.ಜಿ. ಎದ್ದಿದೆ. ಅದರ ಲೆಕ್ಕ ಸರಳ. ಸಂಸಾರಕ್ಕೆ ಕೊಟ್ಟರೆ ಇಪ್ಪತ್ತು ಸಾವಿರ ಬರುವ ಮನೆಯಲ್ಲಿ ಆರು ಮಂಚ ಹಾಕಿ, ಮಂಚಕ್ಕೆ ಏಳು ಸಾವಿರವೆಂದರೆ ನಲವತ್ತೆರಡು ಸಾವಿರವಾಯಿತು. ಊಟ, ವಿದ್ಯುತ್ತಿನ ಖರ್ಚು ಕಳೆದರೂ ಸಂಸಾರ ಸೋಲುತ್ತದೆ. ಆ ಮಂಚಗಳ ಮೇಲೆ ಮಲಗುವ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಹಾಸನ, ಕಲಬುರಗಿ, ರಾಯಚೂರುಗಳಿಂದ ಬಂದು ಮೊದಲ ಸಂಬಳದಲ್ಲಿ ಅರ್ಧವನ್ನು ಒಂದು ಮಂಚಕ್ಕೆ ಕೊಡುವವರು ಅವರು.

ಈಗ ನಾನು ಯಾವ ಕಡೆಯವನೆಂದು ಹೇಳುವುದು ನ್ಯಾಯ. ನಾನು ಮನೆಯ ಯಜಮಾನ. ಕೆಳಗೆ ನಾವಿಬ್ಬರು, ಮೇಲೆ ಒಬ್ಬ ಖಾಸಗಿ ಶಾಲೆಯ ಮೇಷ್ಟರ ಸಂಸಾರ, ಆರು ವರ್ಷದಿಂದ. ಈ ವರ್ಷ ಕರಾರು ಮುಗಿಯುವ ಹೊತ್ತಿಗೆ ಪಿ.ಜಿ. ನಡೆಸುವವರೊಬ್ಬರು ಎರಡು ಸಲ ಬಂದುಹೋದರು. ಪರಊರಿನಲ್ಲಿರುವ ಮಗ ದೂರವಾಣಿಯಲ್ಲಿ 'ಅಣ್ಣ, ಮಾರ್ಕೆಟ್ ರೇಟು ಏನಿದೆ ವಿಚಾರಿಸಿ' ಎಂದ. ತಪ್ಪೇನಲ್ಲ, ನಮ್ಮ ಔಷಧದ ಖರ್ಚಿನಲ್ಲಿ ಅವನದೂ ಪಾಲಿದೆ. ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: 'ಸೂಚ್ಯಂಕ ಏರಿದರೆ ನಿಮಗೆ ಕೊಡುತ್ತಾರೆ. ಮೇಲಿನವರಿಗೆ ಯಾರು ಕೊಡುತ್ತಾರೆ?' ಎರಡು ವರ್ಷದ ಕರಾರು ಬರೆಸಿ ನೋಂದಾಯಿಸಿದೆವು. ಏರಿಕೆ ಶೇಕಡ ಐದು. ಹಳೆಯ ಮುಂಗಡದಲ್ಲಿ ಎರಡು ತಿಂಗಳದ್ದನ್ನು ಇಟ್ಟುಕೊಂಡು ಉಳಿದುದನ್ನು ಹಿಂದಿರುಗಿಸಿದೆವು. ಮೇಷ್ಟರು ಸಂಕೋಚದಿಂದ ಅದನ್ನು ತೆಗೆದುಕೊಂಡರು. ಹದಿನೈದು ದಿನದ ಮೇಲೆ ತಿಳಿಯಿತು: ಅವರ ಮಗಳ ಪಿ.ಯು. ಕಾಲೇಜಿನ ಶುಲ್ಕಕ್ಕೆ ಅದಷ್ಟೂ ಹೋಗಿ, ಇನ್ನೂ ಸ್ವಲ್ಪ ಸಾಲವಾಗಿದೆ.

ಇದನ್ನು ಎಲ್ಲರೂ ಅನುಸರಿಸಲೆಂದು ನಾನು ಹೇಳಲಾರೆ. ಎದುರು ಮನೆಯಾಕೆ ಗಂಡನನ್ನು ಕಳೆದುಕೊಂಡು ಬಹಳ ವರ್ಷವಾಯಿತು. ಅವರು ಕಾರ್ಖಾನೆಯಲ್ಲಿದ್ದವರು, ಕಾರ್ಖಾನೆ ಮುಚ್ಚಿತು, ಪಿಂಚಣಿಯೆಂಬುದಿಲ್ಲ. ಮೇಲೆ ಎರಡು ಪುಟ್ಟ ಮನೆಗಳ ಬಾಡಿಗೆಯೇ ಆಕೆಯ ಅಕ್ಕಿ, ಮಾತ್ರೆ, ಮೊಮ್ಮಕ್ಕಳ ಉಡುಗೊರೆ. ಬಾಡಿಗೆ ಏರದಿದ್ದರೆ ಟೊಮೆಟೊ ಏರಿದಾಗ ಆಕೆಗೆ ಬೇರೆ ದಿಕ್ಕಿಲ್ಲ. ಆಕೆಯ ತುಟ್ಟಿಭತ್ಯೆ ಆಕೆಯ ಬಾಡಿಗೆದಾರರ ಜೇಬಿನಿಂದಲೇ ಬರಬೇಕು, ಆ ಜೇಬು ಆಕೆಯ ಕೈಚೀಲಕ್ಕಿಂತ ತುಂಬಿದ್ದೇನಲ್ಲ. ನಮ್ಮ ಕರಾರಿನ ಸುದ್ದಿ ತಿಳಿದ ಸಂಜೆ ಆಕೆ ಗೇಟಿನ ಬಳಿ ಬಂದು ಹೇಳಿದರು: 'ಮೇಷ್ಟ್ರೇ, ನೀವು ಎಷ್ಟಕ್ಕೆ ಕೊಟ್ಟಿರಿ ಅಂತ ನಮ್ಮ ಮೇಲಿನ ಮನೆಯವರಿಗೆ ಮಾತ್ರ ಹೇಳಬೇಡಿ.'

ನಾನು ಮಾತು ಕೊಟ್ಟೆ. ಆದಕಾರಣ, ಇಷ್ಟೊಂದು ಅಂಕಿಗಳನ್ನು ಹೇಳಿದ ಈ ಭಾಷಣದಲ್ಲಿ ನಮ್ಮ ಮಹಡಿಯ ಮನೆಯ ಬಾಡಿಗೆ ಎಷ್ಟೆಂಬುದು ಶ್ರೋತೃಗಳಿಗೆ ಸಿಕ್ಕಿರಲಾರದು.